ಮುಂದಿನ ರೈಫಲ್‌ಗೆ ಯಾವ ಬೋರು? ಕಾರವಾರ–ಅಂಕೋಲಾ ಕರಾವಳಿಯ ಪರವಾನಗಿದಾರರಿಗೆ ಮಾರ್ಗದರ್ಶಿ

ಕಾರವಾರ ಮತ್ತು ಅಂಕೋಲಾ ತಾಲ್ಲೂಕುಗಳಲ್ಲಿ ಗದ್ದೆ, ತೋಟಗಳಿರುವ ಮನೆಗಳಲ್ಲಿ ಬೆಳೆ ರಕ್ಷಣೆಗೆಂದು ಪಡೆದ ಕೇಪಿನ ಕೋವಿಯೋ ಒಂಟಿ ನಳಿಗೆಯ ತೋಟಾ ಕೋವಿಯೋ ಇರುವುದು ಹಳೆಯ ವಾಡಿಕೆ. ಅದರ ಜೊತೆಗೆ ಒಂದು ರೈಫಲ್ ಸೇರಿಸಿಕೊಳ್ಳಲು ಹೊರಟವರಿಗೆ ಎದುರಾಗುವ ಮೊದಲ ತೊಡಕು, ಅದು ಯಾವ ಬೋರಿನದಾಗಿರಬೇಕು ಎಂಬುದು. ಹೊರದೇಶಗಳ ಪುಸ್ತಕಗಳು ಈ ಪ್ರಶ್ನೆಗೆ ಗುಂಡಿನ ವೇಗ, ತೂಕ, ಪೆಟ್ಟಿನ ಬಲ ಇವುಗಳಿಂದ ಉತ್ತರ ಹೇಳಲು ತೊಡಗುತ್ತವೆ. ಭಾರತದಲ್ಲಿ ಆ ಕ್ರಮ ಉಪಯೋಗಕ್ಕೆ ಬರುವುದಿಲ್ಲ. ಇಲ್ಲಿ ಬೋರನ್ನು ಮೊದಲು ನಿರ್ಧರಿಸುವುದು ಕಾನೂನು, ಅದರ ನಂತರ ತೋಟೆಯ ಲಭ್ಯತೆ, ಅದರ ನಂತರ ಈಡು ಹಾರಿಸಲು ಇರುವ ಜಾಗ, ಕಟ್ಟಕಡೆಗೆ ಗುಂಡಿನ ಗುಣ. ಶಸ್ತ್ರಾಸ್ತ್ರ ಕಾಯ್ದೆಗೆ 2019ರಲ್ಲಿ ಬಂದ ತಿದ್ದುಪಡಿಯು ಒಬ್ಬ ವ್ಯಕ್ತಿ ಇಟ್ಟುಕೊಳ್ಳಬಹುದಾದ ಬಂದೂಕುಗಳ ಸಂಖ್ಯೆಯನ್ನು ಮೂರರಿಂದ ಎರಡಕ್ಕೆ ಇಳಿಸಿರುವುದರಿಂದ, ಬಹುಪಾಲು ಪರವಾನಗಿದಾರರ ಪಾಲಿಗೆ ಸಂಗ್ರಹದ ಮುಂದಿನ ಬೋರು ಎಂಬುದು ಕೊನೆಯ ಬೋರೂ ಆಗಿರುತ್ತದೆ. ಈ ಆಯ್ಕೆಯಲ್ಲಿ ಅವಸರ ಸಲ್ಲದು ಎನ್ನುವುದಕ್ಕೆ ಇದೊಂದೇ ಕಾರಣ ಸಾಕು.

ಬೋರು ಎಂದರೇನು

ಬೋರು ಅಥವಾ ಕ್ಯಾಲಿಬರ್ ಎಂದರೆ ನಳಿಗೆಯ ಒಳವ್ಯಾಸ. ರೈಫಲ್‌ನ ನಳಿಗೆಯ ಒಳಗೋಡೆಯಲ್ಲಿ ಸುರುಳಿಯಾಕಾರದ ಗೀರುಗಳಿದ್ದು, ಅವು ಗುಂಡನ್ನು ತಿರುಗಿಸಿ ನೇರ ದಾರಿಯಲ್ಲಿ ಸಾಗಿಸುತ್ತವೆ. ತೋಟಾ ಕೋವಿಯ ನಳಿಗೆ ನುಣುಪಾಗಿದ್ದು, ಚರೆಗಳನ್ನು ಹರಡಿ ಎರಚುತ್ತದೆ. ರೈಫಲ್‌ನ ಬೋರನ್ನು ಅಂಗುಲದ ದಶಮಾಂಶದಲ್ಲಿ ಅಥವಾ ಮಿಲಿಮೀಟರಿನಲ್ಲಿ ಹೇಳುವುದು ರೂಢಿ. ತೋಟಾ ಕೋವಿಯ 12 ಬೋರ್ ಎಂಬುದು ಬೇರೆಯೇ ಅಳತೆ: ಒಂದು ಪೌಂಡ್ ಸೀಸದಿಂದ ಸಮನಾದ ಹನ್ನೆರಡು ಉಂಡೆಗಳನ್ನು ಮಾಡಿದರೆ ಒಂದೊಂದು ಉಂಡೆಗೆ ಬರುವ ವ್ಯಾಸವೇ ಆ ನಳಿಗೆಯ ವ್ಯಾಸ, ಸುಮಾರು 18.5 ಮಿ.ಮೀ.

ವ್ಯಾಸಕ್ಕಿಂತ ಮುಖ್ಯವಾದುದು ಚೇಂಬರ್, ಅಂದರೆ ನಳಿಗೆಯ ಹಿಂತುದಿಯಲ್ಲಿ ತೋಟೆ ಕೂರುವ ಗೂಡು. ಒಂದೇ ವ್ಯಾಸದ ಗುಂಡನ್ನು ಹಾರಿಸುವ ಎರಡು ರೈಫಲ್‌ಗಳ ಗೂಡುಗಳು ಬೇರೆ ಬೇರೆ ಅಳತೆಯವಾಗಿದ್ದರೆ ಒಂದರ ತೋಟೆ ಇನ್ನೊಂದಕ್ಕೆ ಒಗ್ಗುವುದಿಲ್ಲ. 1906ರಲ್ಲಿ ಅಮೆರಿಕದ ಸೇನೆ ಬಳಕೆಗೆ ತಂದ .30-06 ತೋಟೆಯ ಕೊಳವೆ 63 ಮಿ.ಮೀ. ಉದ್ದವಿದ್ದರೆ, ಸೇನಾ ಬಳಕೆಯ 7.62 ನ್ಯಾಟೊ ತೋಟೆಯ ಕೊಳವೆ 51 ಮಿ.ಮೀ. ಉದ್ದವಿದೆ, ಎರಡರ ಗುಂಡಿನ ವ್ಯಾಸ ಒಂದೇ. ಈ ಹನ್ನೆರಡು ಮಿಲಿಮೀಟರಿನ ಅಂತರವೇ ಭಾರತದಲ್ಲಿ ಒಂದನ್ನು ನಾಗರಿಕರ ಕೈಗೆಟಕುವ ಪಟ್ಟಿಯಲ್ಲೂ ಇನ್ನೊಂದನ್ನು ನಿರ್ಬಂಧಿತ ಪಟ್ಟಿಯಲ್ಲೂ ಇರಿಸಿದೆ.

ಸೇನೆಯ ತೋಟೆ ನಾಗರಿಕ ಬಂದೂಕಿಗೆ ಒಗ್ಗಬಾರದು ಎಂಬ ಈ ನೀತಿ ಬ್ರಿಟಿಷರ ಕಾಲದ್ದು. 1907ರಲ್ಲಿ .450 ಬೋರಿನ ತೋಟೆಗಳು ಭಾರತಕ್ಕೆ ಬರುವುದನ್ನು ಅವರು ತಡೆದಾಗ, ಬೇಟೆಯ ರೈಫಲ್ ತಯಾರಕರು .465, .470 ಮುಂತಾದ ಹೊಸ ಬೋರುಗಳನ್ನೇ ರೂಪಿಸಬೇಕಾಯಿತು. ಆಸ್ಟ್ರಿಯದ ಮ್ಯಾನ್‌ಲಿಕರ್ ತೋಟೆಯಿಂದ ಹುಟ್ಟಿದ .315 ಬೋರು ಭಾರತದಲ್ಲಿ ಬೇರೂರಿದ್ದಕ್ಕೂ, ಸೇನೆಯ .303 ತೋಟೆ ಅದಕ್ಕೆ ಹೊಂದದಿರುವುದೇ ಕಾರಣ. ಬೆಂಗಳೂರಿನಲ್ಲಿ ನೆಲೆಸಿ ಮೈಸೂರು ಸೀಮೆಯ ಕಾಡುಗಳ ಬಗ್ಗೆ ಬರೆದ ಕೆನೆತ್ ಆಂಡರ್ಸನ್ ಅವರ ಕೈಯಲ್ಲಿದ್ದದ್ದು .405 ವಿಂಚೆಸ್ಟರ್. ಅಂಥ ಬೋರಿನ ರೈಫಲ್ ಇಂದು ಯಾರ ಮನೆಯ ಪೆಟ್ಟಿಗೆಯಲ್ಲಾದರೂ ದೊರೆತರೆ ಅದು ಇತಿಹಾಸದ ವಸ್ತುವಾಗಿ ಅಮೂಲ್ಯವಾದುದು. ಹಾರಿಸುವ ಆಯುಧವಾಗಿ ಅದರ ಕಾಲ ಮುಗಿದಿದೆ.

ಕಾನೂನು ಎಳೆದಿರುವ ಗೆರೆ

1959ರ ಶಸ್ತ್ರಾಸ್ತ್ರ ಕಾಯ್ದೆ ಮತ್ತು 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ 7.62 ಮಿ.ಮೀ. ಅಥವಾ .303 ಬೋರಿನ ರೈಫಲ್‌ಗಳು ಮಾತ್ರವಲ್ಲ, ಆ ಸೇನಾ ತೋಟೆಗಳನ್ನು ತುಂಬಿ ಹಾರಿಸಲು ಸಾಧ್ಯವಾಗುವ ಯಾವುದೇ ಬೋರಿನ ರೈಫಲ್ ಕೂಡ ನಿರ್ಬಂಧಿತ ವರ್ಗಕ್ಕೆ ಸೇರುತ್ತದೆ. ಹೊರದೇಶಗಳಲ್ಲಿ ಬಹಳ ಮೆಚ್ಚುಗೆ ಗಳಿಸಿರುವ .308 ವಿಂಚೆಸ್ಟರ್ ಇಲ್ಲಿ ಸಾಮಾನ್ಯ ಪರವಾನಗಿಗೆ ಸಿಗದಿರುವುದು ಇದರಿಂದಲೇ, ಏಕೆಂದರೆ ಅದರ ಗೂಡಿಗೆ ಸೇನೆಯ 7.62 ತೋಟೆ ಕೂರುತ್ತದೆ. ಜಿಲ್ಲಾಧಿಕಾರಿಗಳ ಮಟ್ಟದಲ್ಲಿ ದೊರೆಯುವ ಪರವಾನಗಿಯಲ್ಲಿ ಸಾಮಾನ್ಯವಾಗಿ ಕಾಣಬರುವ ರೈಫಲ್ ಬೋರುಗಳೆಂದರೆ .22, .315, .30-06, ಅಪರೂಪಕ್ಕೆ .275 ಮತ್ತು .375. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಇರುವ ಪರವಾನಗಿ ವಿನಾಯಿತಿ ಕೊಡಗಿಗೆ ಸೀಮಿತವಾದುದು. ಅದನ್ನು ಉತ್ತರ ಕನ್ನಡಕ್ಕೆ ಅನ್ವಯಿಸಿಕೊಳ್ಳಲಾಗದು.

ಎರಡು ಬಂದೂಕುಗಳ ಮಿತಿಯಲ್ಲಿ ಪರವಾನಗಿ ಪುಸ್ತಕದಲ್ಲಿ ನಮೂದಾದ ಕೇಪಿನ ಕೋವಿಯೂ ಎಣಿಕೆಗೆ ಬರುತ್ತದೆ, ವಂಶಪಾರಂಪರ್ಯವಾಗಿ ಬಂದ ಕೋವಿಯೂ ಬರುತ್ತದೆ. ಆದರೆ ಅನೇಕರ ಗಮನಕ್ಕೆ ಬಾರದ ಒಂದು ಅಂಶ ಕಾಯ್ದೆಯ ಮೂರನೆಯ ಕಲಮಿನಲ್ಲೇ ಇದೆ: ಕೇಂದ್ರ ಸರ್ಕಾರದ ಪರವಾನಗಿ ಅಥವಾ ಮಾನ್ಯತೆ ಪಡೆದ ರೈಫಲ್ ಕ್ಲಬ್ ಇಲ್ಲವೇ ರೈಫಲ್ ಸಂಘದ ಸದಸ್ಯರು ಗುರಿ ಅಭ್ಯಾಸಕ್ಕೆ ಬಳಸುವ .22 ರೈಫಲ್ ಮತ್ತು ಏರ್ ರೈಫಲ್‌ಗಳಿಗೆ ಈ ಸಂಖ್ಯೆಯ ಮಿತಿ ತಗಲುವುದಿಲ್ಲ. ಹದಿಮೂರನೆಯ ಕಲಮು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಅಂಥ ಸದಸ್ಯರ .22 ಅರ್ಜಿಯನ್ನು, ನಿರಾಕರಣೆಗೆ ಕಾಯ್ದೆಯಲ್ಲೇ ಹೇಳಿರುವ ಕಾರಣಗಳಿಲ್ಲದಿದ್ದರೆ, ಮಂಜೂರು ಮಾಡತಕ್ಕ ಅರ್ಜಿಗಳ ಸಾಲಿನಲ್ಲಿ ಇರಿಸುತ್ತದೆ. ಸಂಗ್ರಹ ಬೆಳೆಸಬೇಕೆಂಬ ಆಸಕ್ತಿಯುಳ್ಳವರಿಗೆ ಕಾನೂನು ತೆರೆದಿಟ್ಟಿರುವ ಅಗಲವಾದ ಬಾಗಿಲು ಇದೊಂದೇ.

ಬೋರುಗಳ ಪರಿಚಯ

.22 ಲಾಂಗ್ ರೈಫಲ್ ಎಂಬ ತೋಟೆ 1887ರಿಂದ ಬಳಕೆಯಲ್ಲಿದೆ. ಸುಮಾರು 2.6 ಗ್ರಾಂ ತೂಕದ ಇದರ ಗುಂಡು ಶಬ್ದದ ವೇಗದ ಆಸುಪಾಸಿನಲ್ಲಿ ಹೊರಡುತ್ತದೆ; ಭುಜಕ್ಕೆ ಒದೆತ ಇಲ್ಲವೆನ್ನುವಷ್ಟು ಕಡಿಮೆ, ಸದ್ದೂ ಕಡಿಮೆ, ತೋಟೆಯ ಬೆಲೆ ಇತರ ಎಲ್ಲ ರೈಫಲ್ ತೋಟೆಗಳಿಗಿಂತ ಅಗ್ಗ. ಗುರಿಯ ವಿದ್ಯೆ ಪದೇ ಪದೇ ಹಾರಿಸುವುದರಿಂದಲೇ ಬರುವಂಥದ್ದು; ಕುದುರೆ ಎಳೆಯುವ ಬೆರಳಿನ ಹದ, ಉಸಿರಿನ ಹಿಡಿತ, ಕೆನ್ನೆ ಊರುವ ಸ್ಥಾನ ಇವೆಲ್ಲ ಸಾವಿರಾರು ಈಡುಗಳ ನಂತರ ಮೈಗೂಡುತ್ತವೆ. ಅಷ್ಟು ಈಡುಗಳನ್ನು ಸಾಮಾನ್ಯ ಆದಾಯದವರು ಹಾರಿಸಬಹುದಾದ ಬೋರು .22 ಒಂದೇ. ಎನ್‌ಸಿಸಿಯಲ್ಲಿ ತರಬೇತಿ ಪಡೆದ ಕರಾವಳಿಯ ಅನೇಕ ಯುವಕ ಯುವತಿಯರಿಗೆ ಇದರ ಪರಿಚಯ ಆಗಲೇ ಇರುತ್ತದೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮಹಾರಾಷ್ಟ್ರದ ಕೊಲ್ಹಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆ ಕಂಚು ಗೆದ್ದ 50 ಮೀಟರ್ ಸ್ಪರ್ಧೆಯೂ ಈ ಬೋರಿನದೇ. ರೈಫಲ್ ಎಂಬುದೇ ಇಲ್ಲದ ಸಂಗ್ರಹಕ್ಕೆ ಸೇರಬೇಕಾದ ಮೊದಲ ಬೋರು .22 ಎಂಬುದರಲ್ಲಿ ಈ ಲೇಖನಕ್ಕೆ ಸಂದೇಹವಿಲ್ಲ.

.315 ಬೋರನ್ನು ಅಂಗಡಿಗಳಲ್ಲಿ 8 ಎಂಎಂ ಎಂದೂ ಕರೆಯುತ್ತಾರೆ. ಈ ಬೋರಿನ ರೈಫಲ್ ಪಶ್ಚಿಮ ಬಂಗಾಳದ ಈಶಾಪುರದ ರೈಫಲ್ ಕಾರ್ಖಾನೆಯಲ್ಲಿ ತಯಾರಾಗುತ್ತದೆ. ಇದರ ಗುಂಡು 244 ಗ್ರೇನ್, ಅಂದರೆ ಸುಮಾರು 15.8 ಗ್ರಾಂ ತೂಗುತ್ತದೆ. ಭಾರವಾದ, ನಿಧಾನವಾದ ಗುಂಡು. ಗುರಿಯ ನಿಖರತೆಯಲ್ಲಿ ಇದು ಮೇಲ್ಪಂಕ್ತಿಯದಲ್ಲ. ಆದರೆ ರೈಫಲ್, ಬಿಡಿಭಾಗ, ತೋಟೆ ಮೂರೂ ದೇಶದೊಳಗೇ ತಯಾರಾಗುತ್ತವೆ ಎಂಬ ಒಂದು ಗುಣ ಇದರ ಉಳಿದ ಕೊರತೆಗಳನ್ನು ಬಹುಮಟ್ಟಿಗೆ ತುಂಬಿಕೊಡುತ್ತದೆ.

.30-06 ಬೋರು ಇದಕ್ಕಿಂತ ವೇಗವಾದುದು, ದೂರದಲ್ಲೂ ನಿಖರವಾದುದು. ಗುಂಡು ನಳಿಗೆಯಿಂದ ಹೊರಡುವಾಗ ಹೊತ್ತಿರುವ ಶಕ್ತಿ ಮೂರೂವರೆ ಸಾವಿರ ಜೌಲ್‌ಗಳನ್ನು ಮೀರುತ್ತದೆ. .22ರಲ್ಲಿ ಅದು ಸುಮಾರು 150 ಜೌಲ್. ಈಶಾಪುರದ ಕಾರ್ಖಾನೆ ಈ ಬೋರಿನ ರೈಫಲನ್ನೂ ತಯಾರಿಸಿದೆ. ತೋಟೆಯ ಬೆಲೆ ಹೆಚ್ಚು, ಒದೆತವೂ ಹೆಚ್ಚು. ಉದ್ದನೆಯ ಅಧಿಕೃತ ರೇಂಜಿಗೆ ನಿಯಮಿತವಾಗಿ ಹೋಗಬಲ್ಲವರಿಗೆ ಇದು .315ಕ್ಕಿಂತ ಉತ್ತಮ, ಹೋಗಲಾಗದವರಿಗೆ ಇದರ ಹೆಚ್ಚಿನ ಗುಣಗಳು ಪೆಟ್ಟಿಗೆಯಲ್ಲೇ ಉಳಿಯುತ್ತವೆ.

.275 ರಿಗ್ಬಿ, 1912ರ .375 ಹಾಲೆಂಡ್ ಮುಂತಾದವು ಚೆಲುವಾದ ಬೋರುಗಳು. ತೋಟೆ ಎಲ್ಲಿಂದ ಬರುತ್ತದೆ ಎಂಬುದು ಖಚಿತವಾಗುವವರೆಗೆ ಇವುಗಳ ಯೋಚನೆ ಬೇಡ.

ಪರವಾನಗಿಯ ಗೋಜಿಲ್ಲದೆ ಅಭ್ಯಾಸ ಆರಂಭಿಸಬಯಸುವವರಿಗೆ .177 ಅಂದರೆ 4.5 ಮಿ.ಮೀ. ಬೋರಿನ, 20 ಜೌಲ್ ಮೀರದ ಏರ್ ರೈಫಲ್ ಇದೆ. ಹತ್ತು ಮೀಟರಿನ ಒಂದು ಓಣಿ, ಅದರ ಕೊನೆಗೆ ಗಟ್ಟಿ ಗೋಡೆ ಇದ್ದರೆ ಕಾರವಾರದ ಮಳೆಗಾಲದಲ್ಲೂ ಮನೆಯೊಳಗೇ ಅಭ್ಯಾಸ ನಡೆಯುತ್ತದೆ.

ಆಯ್ಕೆಯ ಹಂತಗಳು

1. ಪರವಾನಗಿ ಪುಸ್ತಕವನ್ನು ತೆರೆದು ಎಣಿಸಬೇಕು. ಈಗಾಗಲೇ ಎರಡು ನಮೂದುಗಳಿದ್ದರೆ, ಮೇಲೆ ಹೇಳಿದ ಕ್ಲಬ್ ಸದಸ್ಯರ .22 ಹೊರತು, ಮೂರನೆಯದಕ್ಕೆ ಜಾಗವಿಲ್ಲ. ಒಂದನ್ನು ಕುಟುಂಬದ ಅರ್ಹ ಉತ್ತರಾಧಿಕಾರಿಯ ಹೆಸರಿಗೆ ವರ್ಗಾಯಿಸಲು ಸಾಧ್ಯವೇ ಎಂದು ನೋಡಬೇಕು. ಪರವಾನಗಿದಾರರು ತೀರಿಕೊಂಡಾಗ ಮಾತ್ರವಲ್ಲ, ಅವರಿಗೆ ಎಪ್ಪತ್ತು ವರ್ಷ ತುಂಬಿದಾಗ ಅಥವಾ ಅವರು ಇಪ್ಪತ್ತೈದು ವರ್ಷ ಆ ಬಂದೂಕನ್ನು ಹೊಂದಿದ್ದಾಗಲೂ ಉತ್ತರಾಧಿಕಾರಿ ಅರ್ಜಿ ಸಲ್ಲಿಸಲು 2016ರ ನಿಯಮಗಳಲ್ಲಿ ಅವಕಾಶವಿದೆ. ಸೀಬರ್ಡ್ ನೌಕಾನೆಲೆಗಾಗಿ ಅರ್ಗಾ ಮತ್ತು ಸುತ್ತಲಿನ ಊರುಗಳನ್ನು ಬಿಟ್ಟು ಬೇರೆಡೆ ನೆಲೆಸಿದ ಕುಟುಂಬಗಳು ಪುಸ್ತಕದಲ್ಲಿ ಹಳೆಯ ವಿಳಾಸವೇ ಉಳಿದಿದೆಯೇ ಎಂಬುದನ್ನೂ ಇದೇ ಹೊತ್ತಿಗೆ ನೋಡಿ ಸರಿಪಡಿಸಿಕೊಳ್ಳುವುದು ಒಳ್ಳೆಯದು.

2. ಉಪಯೋಗವನ್ನು ಒಂದೇ ವಾಕ್ಯದಲ್ಲಿ ಬರೆದುಕೊಳ್ಳಬೇಕು. ಬೆಳೆ ರಕ್ಷಣೆ ಎಂಬುದು ಉತ್ತರವಾದರೆ ರೈಫಲ್‌ನ ವಿಚಾರವನ್ನೇ ಬಿಡಬೇಕು. ಆ ಕೆಲಸಕ್ಕೆ ಕಾಯ್ದೆ ಒಪ್ಪಿಕೊಂಡಿರುವುದು ಕೇಪಿನ ಕೋವಿಯನ್ನು, ಮನೆಯ ರಕ್ಷಣೆಗೆ 20 ಅಂಗುಲಕ್ಕೆ ಕಡಿಮೆಯಿಲ್ಲದ ನುಣುಪು ನಳಿಗೆಯ ಕೋವಿಯನ್ನು. ಬೇಟೆ ಎಂಬುದು ಉತ್ತರವಾಗುವಂತೆಯೇ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಬೇಟೆ ನಿಷಿದ್ಧವಾಗಿದ್ದು, ಬೆಳೆಗೆ ಹಾನಿ ಮಾಡುವ ಪ್ರಾಣಿಯ ವಿಷಯದಲ್ಲೂ ಅಧಿಕೃತ ಅಧಿಕಾರಿಯ ಲಿಖಿತ ಆದೇಶವಿಲ್ಲದೆ ಈಡು ಹಾರಿಸಲಾಗದು; ಏರ್ ಗನ್ ಬಳಸಿದರೂ ಅಪರಾಧ ಅಪರಾಧವೇ. ಕದ್ರಾ ದಾಟಿ ಅಣಶಿ ಘಟ್ಟ ಹತ್ತುವ ದಾರಿ ಕಾಳಿ ಹುಲಿ ಸಂರಕ್ಷಿತ ಪ್ರದೇಶದ್ದು. ಅನುಮತಿಯಿಲ್ಲದೆ ಆಯುಧ ಹಿಡಿದು ಅಭಯಾರಣ್ಯ ಪ್ರವೇಶಿಸುವುದೂ ಅಪರಾಧ.

3. ಗುಂಡು ಎಲ್ಲಿ ಹೋಗಿ ನಿಲ್ಲುತ್ತದೆ ಎಂಬುದನ್ನು ಲೆಕ್ಕ ಹಾಕಬೇಕು. ಇಡೀ ಆಯ್ಕೆಯಲ್ಲಿ ಈ ಕರಾವಳಿಗೇ ವಿಶೇಷವಾದ ಹಂತ ಇದು. ಸಣ್ಣ ಚರೆ ಮುನ್ನೂರು ಮೀಟರಿನ ಆಸುಪಾಸಿನಲ್ಲಿ ನೆಲ ಸೇರುತ್ತದೆ; .22ರ ಗುಂಡು ಒಂದೂವರೆ ಕಿಲೋಮೀಟರಿಗೂ ಹೆಚ್ಚು, .30-06ರ ಗುಂಡು ನಾಲ್ಕು ಕಿಲೋಮೀಟರಿಗೂ ಹೆಚ್ಚು ದೂರ ಹೋಗಬಲ್ಲದು. ಅರ್ಗಾ, ಅಮದಳ್ಳಿ, ಹಾರವಾಡಗಳ ಕಡೆ ಗುಡ್ಡಕ್ಕೂ ಸಮುದ್ರಕ್ಕೂ ನಡುವಿನ ಇಕ್ಕಟ್ಟಾದ ಪಟ್ಟಿಯಲ್ಲೇ ಊರುಗಳು, ರಾಷ್ಟ್ರೀಯ ಹೆದ್ದಾರಿ 66, ಕೊಂಕಣ ರೈಲು ಮಾರ್ಗ, 2005ರಲ್ಲಿ ಸೇವೆಗೆ ಸೇರಿದ ಐಎನ್‌ಎಸ್ ಕದಂಬ ನೌಕಾನೆಲೆ ಇವೆಲ್ಲವೂ ಸೇರಿಕೊಂಡಿವೆ. ಸಮುದ್ರದ ಕಡೆ ತಿರುಗಿ ಹಾರಿಸಿದರೆ ಯಾರಿಗೂ ತಗಲದು ಎಂಬ ಭಾವನೆ ತಪ್ಪು: ಅಲ್ಲಿ ಮೀನುಗಾರರ ದೋಣಿಗಳಿರುತ್ತವೆ, ಅಲ್ಲದೆ ನೀರಿಗೆ ಓರೆಯಾಗಿ ತಾಗಿದ ಗುಂಡು ಚಿಮ್ಮಿ ಮತ್ತೆ ಹಾರುತ್ತದೆ. ಚಿರೆಕಲ್ಲಿಗೆ ತಾಗಿದ ಗುಂಡೂ ದಿಕ್ಕು ತಪ್ಪಿ ಸಿಡಿಯುತ್ತದೆ. ದೊಡ್ಡ ಬೋರಿನ ರೈಫಲನ್ನು ಮನೆಯ ಹಿತ್ತಲಲ್ಲಾಗಲಿ ಗುಡ್ಡದ ಬುಡದಲ್ಲಾಗಲಿ ಪರೀಕ್ಷಿಸಲು ಈ ಸೀಮೆಯಲ್ಲಿ ತಕ್ಕ ಜಾಗವೇ ಇಲ್ಲ ಎಂದು ತಿಳಿದೇ ಮುಂದುವರಿಯಬೇಕು. ಅಧಿಕೃತ ರೇಂಜಿಗೆ ವರ್ಷಕ್ಕೆ ಎಷ್ಟು ಸಲ ಹೋಗಲಾಗುತ್ತದೆ ಎಂಬ ಪ್ರಾಮಾಣಿಕ ಉತ್ತರವೇ .22ಕ್ಕೂ .30-06ಕ್ಕೂ ನಡುವಿನ ಆಯ್ಕೆಯನ್ನು ತೀರ್ಮಾನಿಸುತ್ತದೆ.

4. ರೈಫಲ್‌ಗಿಂತ ಮೊದಲು ತೋಟೆಯನ್ನು ವಿಚಾರಿಸಬೇಕು. ಪರವಾನಗಿ ಪಡೆದ ಒಬ್ಬಿಬ್ಬರು ವ್ಯಾಪಾರಿಗಳಲ್ಲಿ ಆ ಬೋರಿನ ತೋಟೆ ಈಗ ಇದೆಯೇ, ಕಳೆದ ವರ್ಷ ಎಷ್ಟು ಬಾರಿ ಬಂದಿತ್ತು, ಬೆಲೆ ಎಷ್ಟು ಎಂದು ಕೇಳಿ ತಿಳಿಯಬೇಕು. ಒಂದು ಸಲಕ್ಕೆ ಎಷ್ಟು ಮತ್ತು ವರ್ಷಕ್ಕೆ ಎಷ್ಟು ತೋಟೆ ಕೊಳ್ಳಬಹುದು ಎಂಬ ಮಿತಿ ಪರವಾನಗಿಯಲ್ಲೇ ನಮೂದಾಗಿರುತ್ತದೆ.

5. ಇಷ್ಟಾದ ಮೇಲೆಯೇ ಜಿಲ್ಲಾಧಿಕಾರಿಗಳ ಕಚೇರಿಗೆ ಅರ್ಜಿ. ಬೋರನ್ನು ಅರ್ಜಿಯಲ್ಲಿ ಸಂದಿಗ್ಧವಿಲ್ಲದೆ ಬರೆಯಬೇಕು. ರೈಫಲ್ ಎಂದಷ್ಟೇ ಬರೆದು, ಮಂಜೂರಾದ ನಂತರ ಬೋರನ್ನು ಹುಡುಕಲು ಹೊರಡುವುದು ತೊಂದರೆಗೆ ದಾರಿ. ಪರವಾನಗಿಗೆ ವಿಶಿಷ್ಟ ಗುರುತಿನ ಸಂಖ್ಯೆ ಇರುವುದನ್ನೂ ಖಚಿತಪಡಿಸಿಕೊಳ್ಳಬೇಕು.

6. ಬಳಸಿದ ರೈಫಲ್ ಕೊಳ್ಳುವುದಾದರೆ ಎರಡು ಎಚ್ಚರಗಳಿವೆ. ಖಾಸಗಿ ವ್ಯಕ್ತಿ ತನ್ನ ಬಂದೂಕನ್ನು ಮಾರುವ ಮುನ್ನ ಕನಿಷ್ಠ 45 ದಿನ ಮೊದಲು ಜಿಲ್ಲಾ ದಂಡಾಧಿಕಾರಿಗೆ ಅಥವಾ ಪೊಲೀಸ್ ಠಾಣೆಗೆ ಲಿಖಿತವಾಗಿ ತಿಳಿಸಿರಬೇಕು. ಆ ಪತ್ರದ ಪ್ರತಿಯನ್ನು ಕೊಳ್ಳುವವರು ಕೇಳಿ ನೋಡಬೇಕು. ಎರಡನೆಯದಾಗಿ, ನಳಿಗೆಯನ್ನು ಬೆಳಕಿಗೆ ಹಿಡಿದು ಒಳಗಿನ ಗೀರುಗಳು ಹರಿತವಾಗಿವೆಯೇ, ತುಕ್ಕಿನ ಗುಳಿಗಳಿವೆಯೇ ಎಂದು ಎರಡೂ ತುದಿಗಳಿಂದ ನೋಡಬೇಕು. ಕರಾವಳಿಯಲ್ಲೇ ಇದ್ದ ರೈಫಲ್ ಆದರೆ ಲೋಹವೂ ಮರವೂ ಕೂಡುವ ಜಾಗವನ್ನು ಬಿಚ್ಚಿಸಿ ನೋಡದೆ ಹಣ ಕೊಡಬಾರದು, ಏಕೆಂದರೆ ಹೊರಗೆ ಹೊಳೆಯುವ ನಳಿಗೆಯ ಅಡಿಭಾಗ ಮರದ ಹಿಡಿಯೊಳಗೆ ತುಕ್ಕು ತಿಂದಿರುತ್ತದೆ.

ಸಾಮಾನ್ಯವಾಗಿ ಆಗುವ ತಪ್ಪುಗಳು

ಹೆಸರು ನೋಡಿ ತೋಟೆ ತುಂಬುವುದು ಎಲ್ಲಕ್ಕಿಂತ ಅಪಾಯದ ತಪ್ಪು. .315ಕ್ಕೂ ಜರ್ಮನಿಯ ಮೌಸರ್ ರೈಫಲ್‌ಗೂ 8 ಎಂಎಂ ಎಂಬ ಹೆಸರೇ ಇದೆ, ಆದರೆ ಎರಡರ ತೋಟೆಗಳೂ ಬೇರೆ. .22 ಮ್ಯಾಗ್ನಮ್ ಗೂಡಿಗೆ ಸಾಧಾರಣ .22 ತೋಟೆ ಸಡಿಲವಾಗಿ ಕೂರುತ್ತದೆ. ಹಾರಿಸಿದರೆ ಕೊಳವೆ ಸೀಳಿ ಬಿಸಿ ಅನಿಲ ಮುಖದ ಕಡೆ ನುಗ್ಗಬಹುದು. 12 ಬೋರಿನ ತೋಟಾ ಕೋವಿ ಇರುವ ಮನೆಗೆ ಎರಡನೆಯದಾಗಿ 20 ಬೋರಿನ ಕೋವಿಯನ್ನು ತರಲೇಬಾರದು ಎಂಬುದಕ್ಕೂ ಇಂಥದೇ ಕಾರಣವಿದೆ: 20 ಬೋರಿನ ತೋಟೆ 12 ಬೋರಿನ ಗೂಡಿನಿಂದ ಮುಂದೆ ಜಾರಿ ನಳಿಗೆಯೊಳಗೆ ಸಿಕ್ಕಿಕೊಳ್ಳುತ್ತದೆ, ಗೂಡು ಖಾಲಿ ಎಂದು ಭಾವಿಸಿ ಅದರ ಹಿಂದೆ 12 ಬೋರಿನ ತೋಟೆ ತುಂಬಿ ಕುದುರೆ ಎಳೆದರೆ ನಳಿಗೆಯೇ ಒಡೆದು ಕೈ ಹೋಗುತ್ತದೆ. ತೋಟೆಯ ಹಿಂಬದಿಯ ಮುದ್ರೆ ಮತ್ತು ನಳಿಗೆಯ ಮೇಲಿನ ಮುದ್ರೆ ಎರಡನ್ನೂ ಪ್ರತಿಸಲ ಓದಿಯೇ ತುಂಬುವುದು, ಎರಡು ಬೋರಿನ ತೋಟೆಗಳನ್ನು ಎರಡು ಬೇರೆ ಡಬ್ಬಿಗಳಲ್ಲಿ ಬೀಗ ಹಾಕಿ ಇಡುವುದು ಇವೆರಡು ಅಭ್ಯಾಸಗಳು ಪ್ರಾಣ ಉಳಿಸುತ್ತವೆ.

ಗುರಿ ಕಲಿಯುವ ಮೊದಲೇ ದೊಡ್ಡ ಬೋರು ಕೊಳ್ಳುವುದು ಎರಡನೆಯ ತಪ್ಪು. ಒದೆತಕ್ಕೆ ಹೆದರಿದ ಭುಜ, ಈಡು ಹಾರುವ ಮುನ್ನವೇ ಬೆಚ್ಚುವುದನ್ನು ಕಲಿತುಬಿಡುತ್ತದೆ; ಅದನ್ನು ಬಿಡಿಸುವುದು ಹೊಸದಾಗಿ ಕಲಿಸುವುದಕ್ಕಿಂತ ಕಷ್ಟ.

ಅಜ್ಜನ ಕಾಲದ ಬೋರಿಗಾಗಿ ತೋಟೆ ಹುಡುಕಿ ಅಲೆಯುವುದು ಮೂರನೆಯದು. ಶಸ್ತ್ರಾಸ್ತ್ರ ನಿಯಮಗಳಿಗೆ 2020ರಲ್ಲಿ ಬಂದ ತಿದ್ದುಪಡಿಯಂತೆ ಕುತೂಹಲ ವಸ್ತುವಿನ ವರ್ಗಕ್ಕೆ ಸೇರುವ ಹಳೆಯ ಬಂದೂಕನ್ನು ಹೊಂದಿರಲು ಪರವಾನಗಿ ಬೇಕಿಲ್ಲ, ಬಳಸಲು ಅಥವಾ ಒಯ್ಯಲು ಬೇಕು. ಪರವಾನಗಿಯಲ್ಲಿ ನಮೂದಾಗದೆ ಅದಕ್ಕೆ ತೋಟೆ ಮಾರುವಂತಿಲ್ಲ. ತಮ್ಮಲ್ಲಿರುವುದು ಆ ವರ್ಗಕ್ಕೆ ಸೇರುತ್ತದೆ ಎಂದು ತಾವೇ ತೀರ್ಮಾನಿಸದೆ, ಲಿಖಿತವಾಗಿ ಜಿಲ್ಲಾಧಿಕಾರಿಗಳ ಕಚೇರಿಯಿಂದ ತಿಳಿದುಕೊಳ್ಳಬೇಕು. ಅಂಥದ್ದನ್ನು ಎಣ್ಣೆ ಹಚ್ಚಿ ಜೋಪಾನವಾಗಿ ಇಡುವುದೇ ಅದಕ್ಕೆ ಸಲ್ಲುವ ಗೌರವ.

ಉಪ್ಪುಗಾಳಿ, ಮಳೆ ಮತ್ತು ಠೇವಣಿ

ಗುಡ್ಡದಾಚೆಯ ಯಲ್ಲಾಪುರ, ಹಳಿಯಾಳಗಳಲ್ಲಿ ನಡೆಯುವ ಆರೈಕೆ ಅರ್ಗಾದ ಕಡಲ ದಂಡೆಯಲ್ಲಿ ಸಾಲುವುದಿಲ್ಲ. ಗಾಳಿಯ ಉಪ್ಪು ಉಕ್ಕಿನ ಮೇಲೆ ಕೂತು ತೇವ ಎಳೆಯುತ್ತದೆ. ಕೇಪಿನ ಕೋವಿಯ ಕರಿಮದ್ದಿನ ಮಸಿಗೂ ಅದೇ ಗುಣವಿದೆ. ಹಳೆಯ ದಾಸ್ತಾನಿನ ಕೆಲವು ರೈಫಲ್ ತೋಟೆಗಳ ಕೇಪಿನಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇದ್ದು, ಅದು ಉರಿದ ಮೇಲೆ ನಳಿಗೆಯಲ್ಲಿ ಉಳಿಯುವುದೂ ಒಂದು ಬಗೆಯ ಉಪ್ಪೇ. ಉಪ್ಪು ಎಣ್ಣೆಯಲ್ಲಿ ಕರಗದು, ನೀರಿನಲ್ಲಿ ಕರಗುತ್ತದೆ. ಆದ್ದರಿಂದ ಇಂಥ ತೋಟೆ ಹಾರಿಸಿದ ದಿನವೇ ನಳಿಗೆಯನ್ನು ಮೊದಲು ಬಿಸಿನೀರಿನಲ್ಲಿ ತೊಳೆದು, ಪೂರ್ತಿ ಒರೆಸಿ ಒಣಗಿಸಿ, ಅನಂತರ ಎಣ್ಣೆ ಹಚ್ಚಬೇಕು. ಬರಿ ಎಣ್ಣೆ ಹಚ್ಚಿಟ್ಟರೆ ಅದರ ಅಡಿಯಲ್ಲೇ ತುಕ್ಕು ಬೆಳೆಯುತ್ತದೆ. ಚರ್ಮದ ಅಥವಾ ಬಟ್ಟೆಯ ಚೀಲದಲ್ಲಿ ಕೋವಿಯನ್ನು ಇಟ್ಟು ಮರೆಯಬಾರದು, ಅವು ತೇವ ಹಿಡಿದಿಡುತ್ತವೆ. ಬೀಗದ ಉಕ್ಕಿನ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳನ್ನಿಟ್ಟು, ಅವನ್ನು ಆಗಾಗ ಬಿಸಿ ಮಾಡಿ ಒಣಗಿಸುತ್ತಿರಬೇಕು. ಮಳೆಗಾಲದಲ್ಲಿ ಮರದ ಹಿಡಿ ನೀರು ಹೀರಿ ಉಬ್ಬಿ ನಳಿಗೆಯನ್ನು ಒತ್ತುವುದರಿಂದ ಬೇಸಿಗೆಯಲ್ಲಿ ಹೊಂದಿಸಿದ ಗುರಿ ಬದಲಾಗಿರುವುದುಂಟು. ಹಿಡಿಯ ಒಳಭಾಗಕ್ಕೂ ಎಣ್ಣೆ ಅಥವಾ ವಾರ್ನಿಷ್ ಹಚ್ಚಿಸಿದರೆ ಇದು ತಗ್ಗುತ್ತದೆ. ಸಿಂಥೆಟಿಕ್ ಹಿಡಿಯ ರೈಫಲ್ ದೊರೆತರೆ ಈ ಕರಾವಳಿಗೆ ಅದೇ ಮೇಲು, ಕಣ್ಣಿಗೆ ಮರದಷ್ಟು ಹಿತವಾಗಿರದಿದ್ದರೂ.

ಚುನಾವಣೆ ಬಂದಾಗ ಕೋವಿಗಳನ್ನು ಪೊಲೀಸ್ ಠಾಣೆಯಲ್ಲಿ ಠೇವಣಿ ಇಡುವ ಆದೇಶ ಹೊರಡುವುದು ಈ ಜಿಲ್ಲೆಯವರಿಗೆ ತಿಳಿದದ್ದೇ. ವಾರಗಟ್ಟಲೆ ಒರೆಸುವವರಿಲ್ಲದೆ ನಿಲ್ಲುವ ರೈಫಲ್‌ಗೆ ಒಪ್ಪಿಸುವ ಮುನ್ನ ನಳಿಗೆಯ ಒಳಹೊರಗೆ ದಪ್ಪನೆ ಗ್ರೀಸ್ ಲೇಪಿಸಬೇಕು, ರಸೀದಿಯಲ್ಲಿ ಬೋರು ಮತ್ತು ಕ್ರಮಸಂಖ್ಯೆ ಸರಿಯಾಗಿ ನಮೂದಾಗಿವೆಯೇ ಎಂದು ಅಲ್ಲೇ ನೋಡಬೇಕು. ಏಪ್ರಿಲ್, ಮೇ ತಿಂಗಳ ಚುನಾವಣೆಯಾದರೆ ಆದೇಶದ ಅವಧಿ ಮುಗಿದ ಕೂಡಲೇ, ಮೃಗಶಿರಾ ಮಳೆ ಹಿಡಿಯುವ ಮುನ್ನ ಅದನ್ನು ಬಿಡಿಸಿಕೊಂಡು ಬರಬೇಕು. ತಂದ ದಿನವೇ ಗ್ರೀಸನ್ನು ಪೂರ್ತಿ ತೆಗೆದು ನಳಿಗೆ ಬರಿದಾಗಿದೆಯೆಂದು ಖಚಿತಪಡಿಸಿಕೊಳ್ಳದೆ ತೋಟೆ ತುಂಬಬಾರದು, ಏಕೆಂದರೆ ಗ್ರೀಸ್ ಅಡ್ಡವಿದ್ದ ನಳಿಗೆ ಒಂದೇ ಈಡಿಗೆ ಉಬ್ಬಿ ಹಾಳಾಗುತ್ತದೆ.